ಮದುವೆಗೂ ಸರ್ಕಾರದ ಅಪ್ಪಣೆ

ಹೆರಿಗೆ ರಜೆಯ ಕಥೆ ಹೇಳುವವರು ಸಾಮಾನ್ಯವಾಗಿ 1961ರ ಹೆರಿಗೆ ಸೌಲಭ್ಯ ಕಾಯ್ದೆಯಿಂದ ಶುರುಮಾಡುತ್ತಾರೆ. ಆಗ ಸಿಕ್ಕಿದ್ದು 12 ವಾರ. ಅದೇ 1961ರಲ್ಲಿ ಕೇಂದ್ರ ಸರ್ಕಾರ ವಿದೇಶಾಂಗ ಸೇವೆಗೂ ನಿಯಮಗಳನ್ನು ಬರೆದಿತ್ತು. ಅವುಗಳ ಪ್ರಕಾರ ಮಹಿಳಾ ಅಧಿಕಾರಿ ಮದುವೆಗೆ ಮುಂಚೆ ಸರ್ಕಾರದ ಲಿಖಿತ ಅಪ್ಪಣೆ ಪಡೆಯಬೇಕು. ಸಂಸಾರ ಕೆಲಸಕ್ಕೆ ಅಡ್ಡಿಯೆಂದು ಮೇಲಿನವರಿಗೆ ಅನ್ನಿಸಿದರೆ ಆಕೆ ರಾಜೀನಾಮೆ ಕೊಡಬೇಕು. ವಿವಾಹಿತೆಗೆ ನೇಮಕಾತಿಯ ಹಕ್ಕೇ ಇಲ್ಲವೆಂದು ಮತ್ತೊಂದು ನಿಯಮ ಸಾರುತ್ತಿತ್ತು. ಬಾಣಂತಿಯ ನೌಕರಿ ಕಾಯುವ ಕಾನೂನು ಮಾಡಿದ ಸರ್ಕಾರವೇ ತನ್ನ ಕಚೇರಿಯಿಂದ ಮದುಮಗಳನ್ನು ಮನೆಗೆ ಕಳಿಸಲು ತಯಾರಾಗಿತ್ತು!

ಇದನ್ನು ಕೋರ್ಟಿಗೆಳೆದವರು ಕೊಡಗಿನ ವಿರಾಜಪೇಟೆಯಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ. 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಅವರೇ. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಸೇರುವಾಗಲೇ ಅವರಿಂದ ಮುಚ್ಚಳಿಕೆ ಬರೆಸಿಕೊಂಡಿದ್ದರು. ಮುತ್ತಮ್ಮ ಮದುವೆಯಾಗಲಿಲ್ಲ. 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು. ಅಷ್ಟಾದರೂ ಅತ್ಯುನ್ನತ ದರ್ಜೆಗೆ ಬಡ್ತಿ ಕೊಡುವಾಗ ಅವರ ಹೆಸರು ಬಿಟ್ಟುಹೋಯಿತು. ಹೆಣ್ಣೆಂಬ ಕಾರಣಕ್ಕೇ ತಮ್ಮನ್ನು ಕೈಬಿಟ್ಟರೆಂದು ಅವರು ನೇರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು.

ಮುಂದಿನದು ನನಗೆ ಬಹಳ ಇಷ್ಟದ ಭಾಗ. ಅರ್ಜಿ ವಿಚಾರಣೆಯಲ್ಲಿರುವಾಗಲೇ ಸರ್ಕಾರ ಅವರಿಗೆ ಬಡ್ತಿ ಕೊಟ್ಟುಬಿಟ್ಟಿತು. ಆ ನಿಯಮಗಳನ್ನೂ ಕೈಬಿಡುವುದಾಗಿ ಹೇಳಿತು. ಹಾಗಾಗಿ 1979ರಲ್ಲಿ ಅರ್ಜಿ ವಜಾ ಆಯಿತು. ಕಾಗದದ ಮೇಲೆ ಮುತ್ತಮ್ಮ ಸೋತರು. ಆದರೆ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಸುಮ್ಮನೆ ಬಿಡಲಿಲ್ಲ. ಹೆಂಗಸಿನ ಮದುವೆಯಿಂದ ಸರ್ಕಾರಕ್ಕೆ ಅಪಾಯವಿದ್ದರೆ ಗಂಡಸಿನ ಮದುವೆಯಿಂದಲೂ ಇರಬೇಕಲ್ಲ, ಸಂಸಾರದ ತಾಪತ್ರಯ ಅವನಿಗಿಲ್ಲವೇ ಎಂದು ತೀರ್ಪಿನಲ್ಲೇ ಬರೆದರು. ಮುತ್ತಮ್ಮನವರ ಜ್ಯೇಷ್ಠತೆಯನ್ನು ಮರುಪರಿಶೀಲಿಸುವಂತೆಯೂ ಸರ್ಕಾರಕ್ಕೆ ಸೂಚಿಸಿದರು.

ಎರಡು ವರ್ಷ ಕಳೆದು, 1981ರಲ್ಲಿ, ನರ್ಗೇಶ್ ಮೀರ್ಜಾ ಪ್ರಕರಣ ಬಂತು. ಏರ್ ಇಂಡಿಯಾ ಗಗನಸಖಿಯರು ಮೊದಲ ಸಲ ಗರ್ಭಿಣಿಯಾದ ಕೂಡಲೇ ಕೆಲಸ ಕಳೆದುಕೊಳ್ಳುತ್ತಿದ್ದರು. ಆ ಷರತ್ತನ್ನು ಕೋರ್ಟು ಕಿತ್ತುಹಾಕಿತು. ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾಗಬಾರದೆಂಬ ಷರತ್ತನ್ನು ಮಾತ್ರ ಉಳಿಸಿತು. ಅದಕ್ಕೆ ಕುಟುಂಬ ಯೋಜನೆಯ ಸಮರ್ಥನೆ ಬೇರೆ!

ಇಷ್ಟೆಲ್ಲ ಜಗಳದ ನಂತರ, 2017ರಲ್ಲಿ, ಮೊದಲ ಎರಡು ಹೆರಿಗೆಗಳಿಗೆ ರಜೆ 26 ವಾರವಾಯಿತು. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರವೂ ಕಡ್ಡಾಯವಾಯಿತು. ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಗೆ ಬಾರದವರ ರಜೆ ಸಂಬಳವೆಲ್ಲ ಮಾಲೀಕನ ತಲೆಗೇ ಬಂತು. ಹೊಸದಾಗಿ ಮದುವೆಯಾದವಳನ್ನು ಕೆಲಸಕ್ಕೆ ತೆಗೆದುಕೊಳ್ಳಲು ಕಂಪನಿಗಳು ಹಿಂದೆಮುಂದೆ ನೋಡಿದರೆ ಅಚ್ಚರಿಯೇನು? ಹಿಂದೆ ಬರವಣಿಗೆಯಲ್ಲಿದ್ದ ನಿಯಮ ಈಗ ಸಂದರ್ಶನದ ಕೋಣೆಗೆ ಹೋಗಿ ಕೂತಿದೆ, ಅಷ್ಟೆ. ಅಲ್ಲಿ ಅದನ್ನು ಪ್ರಶ್ನಿಸಲು ಕಡತವೂ ಸಿಗುವುದಿಲ್ಲ.

ಮುತ್ತಮ್ಮ 2009ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಸಂಸಾರದ ತಾಪತ್ರಯ ಗಂಡಸಿಗೂ ಉಂಟೆಂದು ಅವರ ಪ್ರಕರಣದಲ್ಲೇ ಕೋರ್ಟು ಒಪ್ಪಿತ್ತು. ಕೇಂದ್ರ ಸರ್ಕಾರಿ ನೌಕರನಾದ ತಂದೆಗೆ 15 ದಿನ ರಜೆಯುಂಟು. ಖಾಸಗಿ ಕಂಪನಿಯ ತಂದೆಗೆ ಹೆರಿಗೆ ಸೌಲಭ್ಯ ಕಾಯ್ದೆ ಒಂದೇ ಒಂದು ದಿನವನ್ನೂ ಕೊಡಲೇ ಇಲ್ಲ.