ತಂತಿಯಿಲ್ಲದ ಕೀಲಿಮಣೆ: ಕೊಳ್ಳುವ ಮುನ್ನ ತಿಳಿಯಬೇಕಾದುದು

1895ರಲ್ಲಿ ಕಲ್ಕತ್ತೆಯಲ್ಲಿ ಆಚಾರ್ಯ ಜಗದೀಶಚಂದ್ರ ಬೋಸರು ವಿದ್ಯುತ್ಕಾಂತ ತರಂಗಗಳನ್ನು ಗೋಡೆಯಾಚೆಗೆ ಕಳುಹಿಸಿ, ಅಲ್ಲಿದ್ದ ಗಂಟೆಯನ್ನು ಬಾರಿಸಿ, ಮದ್ದಿನ ಪುಡಿಯನ್ನು ಹೊತ್ತಿಸಿ ತೋರಿಸಿದರು. ಅಂದು ಪ್ರಯೋಗಶಾಲೆಯ ಸೋಜಿಗವಾಗಿದ್ದ ಆ ವಿದ್ಯೆ ಇಂದು ಸಾವಿರ, ಒಂದೂವರೆ ಸಾವಿರ ರೂಪಾಯಿಗಳಿಗೆ ದೊರೆಯುವ ಕೀಲಿಮಣೆಯಲ್ಲಿಯೂ ಮೌಸಿನಲ್ಲಿಯೂ ಅಡಗಿ ಕುಳಿತಿದೆ. ಆದರೆ ಅಂಗಡಿಯವನು ಒಂದೇ ಬೆಲೆಯ ನಾಲ್ಕಾರು ಜೋಡಿಗಳನ್ನು ಎದುರಿಗಿರಿಸಿದಾಗ ಯಾವುದನ್ನು ಆರಿಸಬೇಕು? ಬಣ್ಣ ಆಕಾರಗಳಿಗೆ ಮರುಳಾಗಿ ಕೊಂಡವನು ಹಣವನ್ನು ಮಾತ್ರವಲ್ಲ, ಕೆಲವೊಮ್ಮೆ ತನ್ನ ಗುಟ್ಟನ್ನೂ ಕಳೆದುಕೊಳ್ಳಬಹುದು. ಈ ಉಪಕರಣಗಳು ಕೆಲಸ ಮಾಡುವ ಬಗೆಯನ್ನು ಮೊದಲು ತಿಳಿಯೋಣ. ಆಯ್ಕೆಯ ಸೂತ್ರಗಳು ಅದರಿಂದಲೇ ಹೊರಬೀಳುತ್ತವೆ.

ಕೀಲಿಮಣೆಯ ಪ್ರತಿಯೊಂದು ಕೀಲಿಗೂ ಒಂದು ಸಂಕೇತ ಸಂಖ್ಯೆಯಿದೆ. ಕೀಲಿಯನ್ನು ಒತ್ತಿದೊಡನೆ ಒಳಗಿನ ಪುಟ್ಟ ಪ್ರೇಷಕವು ಆ ಸಂಖ್ಯೆಯನ್ನು ರೇಡಿಯೋ ತರಂಗದ ಮೇಲೇರಿಸಿ ಕಳುಹಿಸುತ್ತದೆ. ಗಣಕಯಂತ್ರಕ್ಕೆ ಸಿಕ್ಕಿಸಿದ ಗ್ರಾಹಕವು ಅದನ್ನು ಹಿಡಿದು ಅಕ್ಷರವಾಗಿ ಒಪ್ಪಿಸುತ್ತದೆ. ಈ ತರಂಗದ ಆವೃತ್ತಿ ಸುಮಾರು 2.4 ಗಿಗಾಹರ್ಟ್ಸ್, ಎಂದರೆ ಸೆಕೆಂಡಿಗೆ 240 ಕೋಟಿ ಕಂಪನಗಳು. ಬೆಳಕಿನ ವೇಗವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ತರಂಗದ ಉದ್ದ ಸುಮಾರು 12.5 ಸೆಂಟಿಮೀಟರ್ ಎಂದು ತಿಳಿಯುತ್ತದೆ. ನಮ್ಮ ದೇಶದಲ್ಲಿ 2005ರ ನಿಯಮಗಳು ಈ ಪಟ್ಟಿಯಲ್ಲಿ ಅಲ್ಪಶಕ್ತಿಯ ಉಪಕರಣಗಳಿಗೆ ಪರವಾನಗಿಯ ಅಗತ್ಯವಿಲ್ಲವೆಂದು ಸಾರಿದವು.

ಪರವಾನಗಿ ಬೇಡವಾದ ಬೀದಿಯಲ್ಲಿ ಜನಸಂದಣಿ ಹೆಚ್ಚುವುದು ಸಹಜವೇ. ವೈ-ಫೈ ಇರುವುದು ಇಲ್ಲಿಯೇ, ಬ್ಲೂಟೂತ್ ಇರುವುದು ಇಲ್ಲಿಯೇ. ಅಡುಗೆಮನೆಯ ಮೈಕ್ರೋವೇವ್ ಒಲೆಯೂ 2.45 ಗಿಗಾಹರ್ಟ್ಸಿನಲ್ಲಿಯೇ ಅನ್ನವನ್ನು ಬಿಸಿ ಮಾಡುತ್ತದೆ. ಈ ಜಾತ್ರೆಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸಲು ಉಪಾಯವೊಂದಿದೆ: ಒಂದೇ ಕಡೆ ನಿಲ್ಲದೆ ಆವೃತ್ತಿಯಿಂದ ಆವೃತ್ತಿಗೆ ನೆಗೆಯುತ್ತಿರುವುದು. ಮೂಲ ಬ್ಲೂಟೂತ್ ಪದ್ಧತಿಯು ಈ ಪಟ್ಟಿಯನ್ನು 79 ಕಾಲುವೆಗಳಾಗಿ ಸೀಳಿ, ಅವುಗಳ ನಡುವೆ ಸೆಕೆಂಡಿಗೆ 1,600 ಬಾರಿ ನೆಗೆಯುತ್ತದೆ.

ಆದುದರಿಂದ ಮೊದಲನೆಯ ಪ್ರಶ್ನೆ: ಪ್ರತ್ಯೇಕ ಗ್ರಾಹಕವುಳ್ಳ ಜೋಡಿಯೋ, ಬ್ಲೂಟೂತ್ ಜೋಡಿಯೋ? ಮೇಜಿನ ಮೇಲಿನ ಹಳೆಯ ಗಣಕದಲ್ಲಿ ಬ್ಲೂಟೂತ್ ಇಲ್ಲದಿರಬಹುದು. ಅದಕ್ಕೆ ಗ್ರಾಹಕವುಳ್ಳದ್ದೇ ಸರಿ. ಕೀಲಿಮಣೆಗೂ ಮೌಸಿಗೂ ಒಂದೇ ಗ್ರಾಹಕವಿದ್ದರೆ ಒಂದು ಕಿಂಡಿ ಉಳಿಯುತ್ತದೆ. ಆದರೆ ಬೆರಳಿನ ಉಗುರಿಗಿಂತ ಸ್ವಲ್ಪವೇ ದೊಡ್ಡದಾದ ಆ ತುಣುಕು ಕಳೆದುಹೋದರೆ, ಅಗ್ಗದ ಜೋಡಿಗಳಲ್ಲಿ ಇಡೀ ಜೋಡಿಯೇ ನಿರುಪಯೋಗಿಯಾಗುವುದುಂಟು. ಫೋನು ಅಥವಾ ಟ್ಯಾಬ್ಲೆಟ್ಟಿಗೂ ಬಳಸಬೇಕೆನ್ನುವವರಿಗೆ ಬ್ಲೂಟೂತ್ ಲೇಸು.

ಮೌಸು ತಡೆತಡೆದು ಚಲಿಸಿತೆಂದರೆ ಅದನ್ನೇ ದೂರುವುದು ಯಾವಾಗಲೂ ನ್ಯಾಯವಲ್ಲ. ವೇಗವಾದ ಯು.ಎಸ್.ಬಿ. 3.0 ಕಿಂಡಿಗಳು ಇದೇ 2.4 ಗಿಗಾಹರ್ಟ್ಸಿನ ಸುತ್ತ ರೇಡಿಯೋ ಗದ್ದಲವನ್ನು ಹೊರಸೂಸುತ್ತವೆಂದು ಇಂಟೆಲ್ ಸಂಸ್ಥೆ 2012ರಲ್ಲಿಯೇ ತೋರಿಸಿತು. ಗ್ರಾಹಕವನ್ನು ಹಳೆಯ 2.0 ಕಿಂಡಿಗೆ ಸಿಕ್ಕಿಸಿ. ಇಲ್ಲವೇ ಗೇಣುದ್ದದ ವಿಸ್ತರಣ ತಂತಿಯೊಂದನ್ನು ತಂದು ಗ್ರಾಹಕವನ್ನು ಗದ್ದಲದಿಂದ ದೂರವಿರಿಸಿ. ಹೊಸ ಜೋಡಿ ಕೊಳ್ಳುವ ಖರ್ಚು ಇದರಿಂದ ಉಳಿಯಬಹುದು.

ಇನ್ನು ಗುಟ್ಟಿನ ವಿಷಯ. ತಂತಿಯೊಳಗಿನ ಮಾತು ತಂತಿಯಲ್ಲಿಯೇ ಉಳಿಯುತ್ತದೆ. ಗಾಳಿಗೆ ತೂರಿದ ಮಾತನ್ನು ಯಾರು ಬೇಕಾದರೂ ಹಿಡಿಯಬಹುದು. 2016ರಲ್ಲಿ ಅಮೆರಿಕದ ಬ್ಯಾಸ್ಟಿಲ್ ಸಂಸ್ಥೆಯ ಸಂಶೋಧಕರು 12 ತಯಾರಕರ ಅಗ್ಗದ ನಿಸ್ತಂತು ಕೀಲಿಮಣೆಗಳನ್ನು ಪರೀಕ್ಷಿಸಿದಾಗ, 8 ತಯಾರಕರವು ಒತ್ತಿದ ಅಕ್ಷರಗಳನ್ನು ಯಾವ ಮುಸುಕೂ ಇಲ್ಲದೆ ಪ್ರಸಾರ ಮಾಡುತ್ತಿರುವುದು ಕಂಡುಬಂದಿತು. ಸುಮಾರು 75 ಮೀಟರ್ ದೂರದಿಂದಲೂ ಅವನ್ನು ಓದಬಹುದಾಗಿತ್ತು! ಬ್ಯಾಂಕಿನ ಗುಪ್ತಪದ, ಪರೀಕ್ಷೆಯ ಅರ್ಜಿಯ ಗುಪ್ತಪದ, ಖಾಸಗಿ ಪತ್ರ, ಎಲ್ಲವೂ ಇಂತಹ ಅಕ್ಷರಗಳೇ ತಾನೆ? ಆದುದರಿಂದ ಪೆಟ್ಟಿಗೆಯ ಮೇಲೆ ‘ಎನ್‌ಕ್ರಿಪ್ಶನ್’ ಅಥವಾ ‘128 ಬಿಟ್ ಎ.ಇ.ಎಸ್.’ ಎಂಬ ಉಲ್ಲೇಖವಿದೆಯೇ ಎಂದು ನೋಡಬೇಕು. ಸಂಕೇತವನ್ನು ಗೂಢಲಿಪಿಗೆ ತಿರುಗಿಸಿ ಕಳುಹಿಸುತ್ತದೆಂಬುದೇ ಇದರ ಅರ್ಥ. ಈ ಉಲ್ಲೇಖವಿಲ್ಲದ ಜೋಡಿಯನ್ನು, ಎಷ್ಟೇ ಅಗ್ಗವಾಗಿರಲಿ, ನಾವು ಬಿಟ್ಟುಬಿಡುವುದೇ ಮೇಲು.

ಮೌಸಿನ ಹೊಟ್ಟೆಯಲ್ಲಿರುವುದು ಒಂದು ಪುಟ್ಟ ದೀಪ ಮತ್ತು ಒಂದು ಪುಟ್ಟ ಕ್ಯಾಮೆರಾ. ಮೇಜಿನ ಮೇಲ್ಮೈಯ ಸಣ್ಣಸಣ್ಣ ಗೀರುಗಳ ಚಿತ್ರವನ್ನು ಅದು ಸೆಕೆಂಡಿಗೆ ನೂರಾರು, ಸಾವಿರಾರು ಬಾರಿ ತೆಗೆದು, ಹಿಂದಿನದರೊಡನೆ ಹೋಲಿಸಿ, ತಾನು ಎಷ್ಟು ಸರಿದೆನೆಂದು ಲೆಕ್ಕ ಹಾಕುತ್ತದೆ. ಗಾಜಿನ ಮೇಲೆ ಗೀರುಗಳು ಕಾಣದಾದ್ದರಿಂದ ಸಾಮಾನ್ಯ ಮೌಸು ಅಲ್ಲಿ ಸೋಲುತ್ತದೆ. ಕೆಳಗೊಂದು ಕಾಗದವಿಟ್ಟರೆ ಸಾಕು. ‘ಡಿ.ಪಿ.ಐ.’ ಎಂಬ ದೊಡ್ಡ ಸಂಖ್ಯೆಗೆ ಬೆರಗಾಗಬೇಕಿಲ್ಲ. ಅಂಗುಲಕ್ಕೆ 1,000 ಬಿಂದುಗಳನ್ನು ಎಣಿಸುವ ಮೌಸು 1,920 ಬಿಂದು ಅಗಲದ ತೆರೆಯನ್ನು ಎರಡು ಅಂಗುಲದ ಚಲನೆಯಲ್ಲಿಯೇ ದಾಟುತ್ತದೆ. ಓದುಬರಹಕ್ಕೆ ಇಷ್ಟು ಧಾರಾಳ. ಸಂಖ್ಯೆಗಿಂತ ಮೌಸು ಅಂಗೈಗೆ ಹೊಂದುವುದು ಮುಖ್ಯ.

ಅಗ್ಗದ ಕೀಲಿಮಣೆಗಳಲ್ಲಿ ಬಹುಮಟ್ಟಿಗೆ ಪ್ರತಿ ಕೀಲಿಯ ಕೆಳಗೆ ರಬ್ಬರಿನ ಪುಟ್ಟ ಗುಮ್ಮಟವಿರುತ್ತದೆ. ಒತ್ತಿದಾಗ ಅದು ಕುಸಿದು ವಿದ್ಯುನ್ಮಂಡಲವನ್ನು ಮುಚ್ಚುತ್ತದೆ. ಕೀಲಿಯ ನಡುವನ್ನಲ್ಲದೆ ಮೂಲೆಗಳನ್ನೂ, ಅಗಲವಾದ ಸ್ಪೇಸ್ ಕೀಲಿಯ ಎರಡು ತುದಿಗಳನ್ನೂ ಒತ್ತಿ ನೋಡಿರಿ, ಎಲ್ಲಿಯೂ ಸಿಕ್ಕಿಕೊಳ್ಳಬಾರದು. ಕನ್ನಡದಲ್ಲಿ ಬರೆಯುವವರು ಬೇರೆ ಕೀಲಿಮಣೆಯನ್ನು ಹುಡುಕಬೇಕಿಲ್ಲ. ಕೆ. ಪಿ. ರಾಯರು ರೂಪಿಸಿದ, ಕರ್ನಾಟಕ ಸರ್ಕಾರವು ಮಾನ್ಯ ಮಾಡಿದ ವಿನ್ಯಾಸವು ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ನಡೆಯುತ್ತದೆ.

ಬೆಲೆಯೆಂಬುದು ಕೊಂಡ ದಿನಕ್ಕೆ ಮುಗಿಯುವುದಿಲ್ಲ. ಬ್ಯಾಟರಿಯ ಖರ್ಚು ಮುಂದುವರಿಯುತ್ತದೆ. ಉದಾಹರಣೆಗೆ, 2,000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಯಿಂದ ಉಪಕರಣವು ಸರಾಸರಿ ಅರ್ಧ ಮಿಲಿಆಂಪಿಯರನ್ನು ಸೆಳೆದರೆ 4,000 ಗಂಟೆ, ಎಂದರೆ ಐದೂವರೆ ತಿಂಗಳು ಬಾಳುತ್ತದೆ. ದೀಪ ಮತ್ತು ಕ್ಯಾಮೆರಾಗಳನ್ನು ಹೊತ್ತ ಮೌಸು ಕೀಲಿಮಣೆಗಿಂತ ಬೇಗ ಹಸಿಯುತ್ತದೆ. ಸುಮ್ಮನಿದ್ದಾಗ ತಾನೇ ನಿದ್ರಿಸುವ ವ್ಯವಸ್ಥೆಯೂ, ಆರಿಸುವ ಗುಂಡಿಯೂ ಇರುವುದನ್ನು ಆರಿಸಿಕೊಳ್ಳುವುದು ಜಾಣತನ.

ಕೊನೆಯದಾಗಿ, ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿಯ ಪಟ್ಟಿಯಲ್ಲಿ ನಿಸ್ತಂತು ಕೀಲಿಮಣೆಯೂ ಸೇರಿದೆ. ಮಾನಕ ಚಿಹ್ನೆಯನ್ನೂ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯನ್ನೂ ಹುಡುಕಿ ನೋಡಿರಿ. ವಾರಂಟಿ ಮತ್ತು ರಸೀತಿಗಳನ್ನು ಕೇಳಿ ಪಡೆಯಿರಿ.

ಇಷ್ಟೆಲ್ಲ ಹೇಳಿದ ಬಳಿಕ ಇನ್ನೊಂದು ಮಾತು ಉಳಿಯುತ್ತದೆ. ನಿಮ್ಮ ಗಣಕವು ಮೇಜು ಬಿಟ್ಟು ಕದಲದಿದ್ದರೆ, ತಂತಿಯುಳ್ಳ ಜೋಡಿಯೇ ಇನ್ನೂ ಅಗ್ಗ. ಅದಕ್ಕೆ ಬ್ಯಾಟರಿಯೂ ಬೇಡ, ಗೂಢಲಿಪಿಯೂ ಬೇಡ. ತಂತಿಯಿಂದ ಬಿಡುಗಡೆ ನಮಗೆ ನಿಜವಾಗಿ ಬೇಕೇ ಎಂಬುದನ್ನು ಅಂಗಡಿಗೆ ಹೋಗುವ ಮೊದಲೇ ನಿಶ್ಚಯಿಸಿಕೊಳ್ಳುವುದು ಒಳ್ಳೆಯದು.