ಬಾಲವಾಡಿ ಟೀಚರಿಗೆ ದನಿ ಬಂದ ಬಗೆ

ತಿರುಪ್ಪೂರಿನಲ್ಲಿ 1903ರಲ್ಲಿ ಹುಟ್ಟಿದ ಟಿ.ಎಸ್. ಅವಿನಾಶಿಲಿಂಗಂ ಚೆಟ್ಟಿಯಾರ್ ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಂಡವರು. 1930ರಲ್ಲಿ ಕೊಯಮತ್ತೂರಿನಲ್ಲಿ ರಾಮಕೃಷ್ಣ ವಿದ್ಯಾಲಯ ಕಟ್ಟಿದರು, 1946ರಿಂದ 49ರವರೆಗೆ ಮದ್ರಾಸ್ ಪ್ರಾಂತ್ಯದ ಶಿಕ್ಷಣ ಸಚಿವರಾಗಿದ್ದರು. 1957ರಲ್ಲಿ ಅದೇ ಊರಿನಲ್ಲಿ ಹೆಣ್ಣುಮಕ್ಕಳಿಗಾಗಿ ಗೃಹವಿಜ್ಞಾನ ಕಾಲೇಜು ತೆರೆದರು.

ಗೃಹವಿಜ್ಞಾನ ಎಂದರೆ ಅಡುಗೆ, ಹೊಲಿಗೆ ಎಂದು ಮೂಗು ಮುರಿಯುತ್ತಿದ್ದ ಕಾಲ ಅದು. ಆ ಕಾಲೇಜಿನ ಪ್ರಾಂಶುಪಾಲರಾಗಿ ಬಂದ ಡಾ. ರಾಜಮ್ಮಾಳ್ ಪಿ. ದೇವದಾಸ್, ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿದವರು. ಮಗುವಿನ ಊಟ, ಬೆಳವಣಿಗೆ, ಆಟ, ಕಲಿಕೆ ಎಲ್ಲವೂ ಅಲ್ಲಿ ಒಂದೇ ಶಾಸ್ತ್ರದ ಭಾಗಗಳಾದವು. ವಿದ್ಯಾರ್ಥಿನಿಯರು ಪಾಠದ ಕೋಣೆ ಬಿಟ್ಟು ಹಳ್ಳಿಗಳಿಗೆ ಹೋಗಿ ತಾಯಂದಿರೊಡನೆ ಮಾತಿಗೆ ಕೂತರು. 1988ರಲ್ಲಿ ಸಂಸ್ಥೆ ಡೀಮ್ಡ್ ವಿಶ್ವವಿದ್ಯಾಲಯವಾದಾಗ ರಾಜಮ್ಮಾಳ್ ಅದರ ಮೊದಲ ಕುಲಪತಿ. 1992ರಲ್ಲಿ ಪದ್ಮಶ್ರೀ ಬಂತು.

ಇಂಥ ತರಬೇತಿ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಮಾತ್ರ ಸಿಗುತ್ತಿತ್ತು. ಹಳ್ಳಿಯಲ್ಲೇ ಇದ್ದು ಮಕ್ಕಳನ್ನು ನೋಡಿಕೊಳ್ಳುವ ಹೆಂಗಸಿಗೆ ಸರ್ಕಾರಿ ಬಾಗಿಲು ತೆರೆದದ್ದು 1975ರ ಅಕ್ಟೋಬರ್ 2ರಂದು, ಸಮಗ್ರ ಶಿಶು ಅಭಿವೃದ್ಧಿ ಯೋಜನೆಯೊಂದಿಗೆ. ದೇಶದ 33 ಕಡೆ ಶುರುವಾದ ಈ ಯೋಜನೆಗೆ ಕರ್ನಾಟಕದಲ್ಲಿ ಆಯ್ಕೆಯಾದ ತಾಲ್ಲೂಕು ತಿರುಮಕೂಡಲು ನರಸೀಪುರ. 1982ರ ಜುಲೈನಲ್ಲಿ ತಮಿಳುನಾಡಿನ ಎಂ.ಜಿ. ರಾಮಚಂದ್ರನ್ ಸರ್ಕಾರ ಪೌಷ್ಟಿಕ ಊಟದ ಯೋಜನೆ ತಂದಿತು. ಶಾಲಾ ಮಕ್ಕಳ ಜೊತೆಗೆ ಎರಡರಿಂದ ಐದು ವರ್ಷದ ಕೂಸುಗಳಿಗೂ ಬಿಸಿಯೂಟ ಸಿಕ್ಕಿತು, ಸಾವಿರಾರು ಹೆಂಗಸರಿಗೆ ಊರಲ್ಲೇ ಕೆಲಸವಾಯಿತು.

ಕೆಲಸ ಬಂತು, ಹುದ್ದೆ ಬರಲಿಲ್ಲ. ತೂಕ ನೋಡುವುದು, ಲಸಿಕೆಗೆ ಕರೆತರುವುದು, ಹಾಡು-ಕಥೆ ಕಲಿಸುವುದು, ರಿಜಿಸ್ಟರ್ ಬರೆಯುವುದು ಇಷ್ಟಕ್ಕೂ ಅಂಗನವಾಡಿ ಕಾರ್ಯಕರ್ತೆಗೆ ಸಿಗುತ್ತಿದ್ದದ್ದು ಗೌರವಧನ. ತಮಿಳುನಾಡು ಮುಂದೆ ತನ್ನ ಕಾರ್ಯಕರ್ತೆಯರಿಗೆ ವಿಶೇಷ ವೇತನ ಶ್ರೇಣಿ ಕೊಟ್ಟಿತು. ಕರ್ನಾಟಕದ ಕಾರ್ಯಕರ್ತೆಯರ ಹೋರಾಟ ಕೋರ್ಟಿಗೂ ಹೋಯಿತು, ಬೀದಿಗೂ ಬಂತು. ಕಾರ್ಯಕರ್ತೆ ಅಮೀರ್‌ಬಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಡಿಸೆಂಬರ್‌ನಲ್ಲಿ, ಅಂಗನವಾಡಿ ಕಾರ್ಯಕರ್ತೆ ಸರ್ಕಾರಿ ಹುದ್ದೆಯಲ್ಲಿರುವವಳಲ್ಲ ಎಂದಿತು. ಸಂಘಟನೆ ಅಲ್ಲಿಗೆ ತಣ್ಣಗಾಗಲಿಲ್ಲ. 2017ರ ಮಾರ್ಚ್‌ನಲ್ಲಿ ಸಾವಿರಾರು ಕಾರ್ಯಕರ್ತೆಯರು ಬೆಂಗಳೂರಿನ ರಸ್ತೆಯಲ್ಲೇ ರಾತ್ರಿ ಕಳೆದು ಗೌರವಧನ ಹೆಚ್ಚಿಸಲು ಪಟ್ಟು ಹಿಡಿದರು.

ಅಷ್ಟರಲ್ಲಿ ಪಾಲಕರ ಬೇಡಿಕೆಯೂ ಬದಲಾಗಿತ್ತು. ತಿರುಪ್ಪೂರಿನ ಬನಿಯನ್ ಕಂಪನಿಗೆ ಬೆಳಿಗ್ಗೆಯೇ ಹೊರಡುವ ತಾಯಿಗೆ ಮಗು ಸುರಕ್ಷಿತವಾಗಿದ್ದರಷ್ಟೇ ಸಾಲದು, ಅಕ್ಷರವನ್ನೂ ಕಲಿಯಬೇಕು. 2019ರ ಜನವರಿಯಲ್ಲಿ ತಮಿಳುನಾಡು, ಸರ್ಕಾರಿ ಮಾಧ್ಯಮಿಕ ಶಾಲೆಗಳ ಆವರಣದ 2,381 ಅಂಗನವಾಡಿಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಿತು. 2022ರ ಜೂನ್‌ನಲ್ಲಿ ಆ ತರಗತಿಗಳನ್ನು ಶಾಲೆಯಿಂದ ಹಿಂತೆಗೆಯುವ ಮಾತು ಬಂದಾಗ ವಿರೋಧ ಎದ್ದಿತು. ಸರ್ಕಾರ ನಿರ್ಧಾರ ಬದಲಿಸಿತು.

ಅದೇ ವರ್ಷದ ಏಪ್ರಿಲ್ 25ರಂದು ಗುಜರಾತಿನ ದಾಹೋದ್ ಜಿಲ್ಲೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರು 1972ರ ಗ್ರಾಚ್ಯುಟಿ ಕಾಯ್ದೆಗೆ ಒಳಪಡುತ್ತಾರೆ ಎಂದು ತೀರ್ಪಿತ್ತಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು, ಅವರು ನಡೆಸುವ ಶಾಲಾಪೂರ್ವ ಶಿಕ್ಷಣ. ಮುಂದಿನ ಜನವರಿಯಲ್ಲಿ ಕರ್ನಾಟಕದ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮತ್ತೆ ಧರಣಿ ಕೂತಾಗ, ಬೇಡಿಕೆ ಪಟ್ಟಿಯಲ್ಲಿ ಗ್ರಾಚ್ಯುಟಿ ಸೇರಿತ್ತು.