ಟಂಕಸಾಲೆಯ ಕೆಂಪು

ಅಜ್ಜಿಯ ದೇವರ ಪೆಟ್ಟಿಗೆಯಲ್ಲಿ 1835ರ ಕಾಲಾಣೆಯೊಂದಿತ್ತು. ಒಂದು ಬದಿಯಲ್ಲಿ ಕಂಪನಿಯ ಸಿಂಹಗಳು, ಇನ್ನೊಂದು ಬದಿಯಲ್ಲಿ ಬಳ್ಳಿಯ ನಡುವೆ ಅದರ ಬೆಲೆ. ಮೈಯೆಲ್ಲ ಹದವಾದ ಕಾಫಿಪುಡಿಯ ಬಣ್ಣ. ನವರಾತ್ರಿಗೆ ಚೊಂಬು ಬೆಳಗುತ್ತಿದ್ದಾಗ ಅದನ್ನೂ ಹುಣಸೆಹುಳಿಗೆ ಹಾಕಿ ತಿಕ್ಕಿದೆ. ಚೊಂಬಿನಷ್ಟೇ ಥಳಥಳ ಹೊಳೆಯಿತು. ದಸರೆ ಮುಗಿಯುವಷ್ಟರಲ್ಲಿ ನನ್ನ ಹೆಬ್ಬೆರಳ ಗುರುತು ಸಿಂಹದ ಬೆನ್ನ ಮೇಲೆ ಕಪ್ಪಗೆ ಕೂತಿತ್ತು.

ಹಳೆಯ ತಾಮ್ರದ ನಾಣ್ಯ ತನ್ನ ಮೂಲ ಬಣ್ಣವನ್ನು ಉಳಿಸಿಕೊಳ್ಳಬಲ್ಲದೇ? ಉಳಿಸಿಕೊಳ್ಳಬಲ್ಲದು. ಆದರೆ ಒಮ್ಮೆ ಹೋದದ್ದು ತಿರುಗಿ ಬರುವುದಿಲ್ಲ. ಹುಣಸೆಹುಳಿ ಕೊಡುವುದು ಬೇರೆಯೇ ಕೆಂಪು.

ವಿದ್ಯುತ್ ತಂತಿಯ ಪ್ಲಾಸ್ಟಿಕ್ ಸುಲಿದಾಗ ಒಳಗೆ ಕಾಣುತ್ತದಲ್ಲ, ನಸುಗುಲಾಬಿ ಬೆರೆತ ಕೆಂಪು, ಅದು ತಾಮ್ರದ ಹುಟ್ಟುಬಣ್ಣ. ಗಾಳಿ ಸೋಕಿದ ಕ್ಷಣದಿಂದಲೇ ಅದರ ಮೇಲೆ ಆಕ್ಸೈಡಿನ ಪೊರೆ ಕಟ್ಟತೊಡಗುತ್ತದೆ. ಈ ಮೊದಲ ಪೊರೆಯೂ ಕೆಂಪು ಜಾತಿಯದೇ, ಹಾಗಾಗಿ ಕಣ್ಣಿಗೆ ಗೊತ್ತಾಗುವುದಿಲ್ಲ. ಅದು ದಪ್ಪವಾಗುತ್ತ ಕಂದಾಗುತ್ತದೆ. ಗಾಳಿಯಲ್ಲಿ ಗಂಧಕದ ಅಂಶವಿದ್ದರೆ ಸಲ್ಫೈಡ್ ಸೇರಿ ಕಪ್ಪಾಗುತ್ತದೆ. ಬೆವರಿನ ಉಪ್ಪು ತಗುಲಿದರಂತೂ ಕೆಲಸ ಇನ್ನೂ ಬೇಗ.

ಬಣ್ಣದ ಜೊತೆಗೆ ಇನ್ನೊಂದಿದೆ, ಅದು ಮಿಂಚು. ಅಚ್ಚು ಬಿದ್ದಾಗ ಲೋಹ ಒತ್ತಡಕ್ಕೆ ಸಿಕ್ಕಿ ನಡುವಿನಿಂದ ಅಂಚಿನತ್ತ ಹರಿಯುತ್ತದೆ. ಹಾಗೆ ಹರಿದ ಜಾಡು ಕೂದಲಿಗಿಂತ ಸಣ್ಣ ಗೆರೆಗಳಾಗಿ ಮೈಮೇಲೆ ಉಳಿಯುತ್ತದೆ. ಬಳಕೆಯಾಗದ ನಾಣ್ಯವನ್ನು ದೀಪದಡಿ ಮೆಲ್ಲಗೆ ಓರೆ ಮಾಡಿದರೆ ಬೆಳಕು ಗಾಡಿಯ ಚಕ್ರದ ಅರಗಳಂತೆ ಸುತ್ತುವುದು ಈ ಗೆರೆಗಳಿಂದ. ಹುಳಿ ಆಕ್ಸೈಡನ್ನು ಕರಗಿಸುತ್ತದೆ; ಲೋಹವೇ ಆಕ್ಸೈಡಾಗಿ ಮಾರ್ಪಟ್ಟಿದ್ದರಿಂದ ಗೆರೆಯ ತುದಿಗಳೂ ಅದರೊಂದಿಗೆ ಹೋಗುತ್ತವೆ. ಉಳಿದದ್ದನ್ನು ನಾರು, ಬೂದಿ ಸವೆಸುತ್ತವೆ. ಬೆಳಗಿದ ನಾಣ್ಯ ಹೊಳೆಯುತ್ತದೆ ನಿಜ, ಚಕ್ರ ಮಾತ್ರ ತಿರುಗುವುದಿಲ್ಲ. ಅನುಭವಿ ಸಂಗ್ರಾಹಕರು ಅದನ್ನು ಒಂದೇ ನೋಟಕ್ಕೆ ಹಿಡಿದು ಪಕ್ಕಕ್ಕಿಡುತ್ತಾರೆ.

ಹಾಗಾದರೆ ನೂರಾರು ವರ್ಷ ಕೆಂಪು ಉಳಿಯುವುದು ಹೇಗೆ? ನನಗೆ ತಿಳಿದ ಅತ್ಯಂತ ಸೊಗಸಾದ ಉದಾಹರಣೆ ಸಮುದ್ರದ ತಳದ್ದು. ಬರ್ಮಿಂಗ್‌ಹ್ಯಾಮಿನ ಹತ್ತಿರದ ಸೋಹೋ ಟಂಕಸಾಲೆಯಲ್ಲಿ ಮ್ಯಾಥ್ಯೂ ಬೋಲ್ಟನ್ ಉಗಿಯಂತ್ರದಿಂದ ನಾಣ್ಯ ಒತ್ತಿಸುತ್ತಿದ್ದ. ಈಸ್ಟ್ ಇಂಡಿಯಾ ಕಂಪನಿಗೆಂದು 1808ರಲ್ಲಿ ಅಲ್ಲಿ ಹತ್ತು ಕಾಸು, ಇಪ್ಪತ್ತು ಕಾಸಿನ ತಾಮ್ರದ ನಾಣ್ಯಗಳಾದವು. 80 ಕಾಸಿಗೆ ಒಂದು ಹಣ, 42 ಹಣಕ್ಕೆ ಒಂದು ವರಹ ಎಂಬ ಮದರಾಸಿನ ಲೆಕ್ಕಕ್ಕೆ ಬೇಕಾದ ಚಿಲ್ಲರೆ ಅದು. ಆಗ ಬಳ್ಳಾರಿ, ಮಂಗಳೂರುಗಳೂ ಮದರಾಸು ಪ್ರಾಂತ್ಯಕ್ಕೇ ಸೇರಿದ್ದವು. ಈ ಚಿಲ್ಲರೆಯನ್ನು ಮರದ ಪೀಪಾಯಿಗಳಲ್ಲಿ ಮೇಣ ಸೇರಿಸಿ ಬಿಗಿಯಾಗಿ ತುಂಬಿ 'ಅಡ್ಮಿರಲ್ ಗಾರ್ಡ್‌ನರ್' ಹಡಗಿಗೆ ಏರಿಸಿದರು. 1809ರ ಜನವರಿಯಲ್ಲಿ ಹಡಗು ಇಂಗ್ಲೆಂಡಿನ ಕೆಂಟ್ ಕರಾವಳಿ ದಾಟುವ ಮೊದಲೇ ಬಿರುಗಾಳಿಗೆ ಸಿಕ್ಕಿ ಗುಡ್‌ವಿನ್ ಮರಳುದಿಬ್ಬಗಳಲ್ಲಿ ಹೂತುಹೋಯಿತು.

1980ರ ದಶಕದಲ್ಲಿ ಮುಳುಗುಗಾರರು ಅದರಿಂದ ಲಕ್ಷಾಂತರ ನಾಣ್ಯ ಮೇಲೆತ್ತಿದರು. ಉಪ್ಪುನೀರು ತಾಮ್ರಕ್ಕೆ ಕಡುವೈರಿ. ಪೀಪಾಯಿಯ ಹೊರಸುತ್ತಿನವು ತಿಂದುಹೋಗಿ ಒಂದಕ್ಕೊಂದು ಅಂಟಿ ಕಲ್ಲಾಗಿದ್ದವು. ನಡುವಿನ ಗುಂಪಿಗೆ ಮಾತ್ರ ಹೊರಗಿನ ನಾಣ್ಯಗಳೇ ಗೋಡೆಯಾಗಿ ನಿಂತಿದ್ದವು. ಗಾಳಿಯಿಲ್ಲ, ಹರಿಯುವ ನೀರಿಲ್ಲ, ಬೆರಳಂತೂ ಇಲ್ಲವೇ ಇಲ್ಲ. ಅಲ್ಲಿಂದ ಬಂದ ಕೆಲವು ನಾಣ್ಯಗಳಲ್ಲಿ ಟಂಕಸಾಲೆಯ ಕೆಂಪು ಇನ್ನೂ ಇಣುಕುತ್ತದೆ. ಮದರಾಸು ತಲುಪಿ ಸಂತೆಯಲ್ಲಿ ಕೈಯಿಂದ ಕೈಗೆ ಸುತ್ತಿದ ಅದೇ ಬಗೆಯ ಇಪ್ಪತ್ತು ಕಾಸು ಈಗ ಸಿಕ್ಕರೆ ಚಾಕೊಲೇಟಿನ ಬಣ್ಣ, ಸಿಂಹಗಳ ಮುಖ ಸಪಾಟು.

'ಮೂಲ ಬಣ್ಣ' ಎಂದರೆ ಕೆಂಪೇ ಎಂದು ಹಟ ಹಿಡಿಯುವುದೂ ತಪ್ಪು. ಸೋಹೋದವರು ವಿಶೇಷವಾಗಿ ಒತ್ತಿದ ಮಾದರಿ ನಾಣ್ಯಗಳಲ್ಲಿ ಹಲವಕ್ಕೆ ಬೇಕೆಂದೇ ಕಂದು ಬಣ್ಣ ಹಚ್ಚುತ್ತಿದ್ದರು. ಅದನ್ನು ಬೆಳಗಿದವನು ಮೂಲವನ್ನೇ ಕಿತ್ತಂತೆ!

ನಾಣ್ಯಶಾಸ್ತ್ರದವರು ತಾಮ್ರವನ್ನು ಕೆಂಪು, ಕೆಂಗಂದು, ಕಂದು ಎಂದು ಮೂರು ದರ್ಜೆ ಮಾಡುತ್ತಾರೆ. ಬೆಲೆ ಇಳಿಯುವುದೂ ಅದೇ ಕ್ರಮದಲ್ಲಿ. ಆದರೆ ಸಮವಾದ ಕಂದು ದೋಷವಲ್ಲ, ಒಳಗಿನ ಲೋಹಕ್ಕೆ ಅದೇ ಹೊದಿಕೆ. ಹೆದರಬೇಕಾದದ್ದು ಕಿಲುಬಿಗೆ, ಅದರಲ್ಲೂ ತಿಳಿಹಸುರು ಹಿಟ್ಟಿನಂಥದಕ್ಕೆ. ಬೆಂಕಿಕಡ್ಡಿಯ ತುದಿಯಿಂದ ಮುಟ್ಟಿದರೆ ಅದು ಉದುರುತ್ತದೆ. ಒಳಗೆ ಅಡಗಿದ ಕ್ಲೋರೈಡು ಗಾಳಿಯ ತೇವ ಹೀರಿ ತಾಮ್ರವನ್ನು ತಿನ್ನುತ್ತಲೇ ಇರುತ್ತದೆ. ಅಂಥ ನಾಣ್ಯವನ್ನು ಮೊದಲು ಉಳಿದವುಗಳಿಂದ ದೂರ ಇಡಬೇಕು. ಬಿಗಿಯಾಗಿ ಕೂತ ಹಸುರು ಬೇರೆ, ಅದರಿಂದ ತೊಂದರೆಯಿಲ್ಲ.

ಮನೆಯಲ್ಲಿಡುವವರು ಅಂಚು ಮಾತ್ರ ಹಿಡಿಯಬೇಕು. ಮೆತ್ತನೆಯ ಪಿವಿಸಿ ಜೇಬುಗಳಿರುವ ಆಲ್ಬಮ್ ಬೇಡ. ಅದರೊಳಗಿನ ರಾಸಾಯನಿಕ ಬಸಿದು ನಾಣ್ಯಕ್ಕೆ ಹಸುರು ಜಿಗುಟು ಮೆತ್ತುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲಕ್ಕೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಅದು ನೀರು ಕುಡಿದಾಗ ಬದಲಿಸಬೇಕು. ಹುಣಸೆಹುಳಿ, ನಿಂಬೆ, ಪೀತಾಂಬರಿ ಅಡುಗೆಮನೆಯಲ್ಲೇ ಇರಲಿ.

ನನ್ನ ಕಾಲಾಣೆ ಈಗ ಮತ್ತೆ ಕಂದಾಗಿದೆ, ಆದರೆ ತೇಪೆ ತೇಪೆಯಾಗಿ. ಬಳ್ಳಿಯ ಎಲೆಗಳ ಸಂದಿನಲ್ಲಿ ನನ್ನ ನಾರು ತಲುಪದ ಕಡೆ ಹಳೆಯ ಕಾಫಿಪುಡಿ ಬಣ್ಣ ಹಾಗೇ ಉಳಿದಿದೆ. ಹೆಬ್ಬೆರಳ ಗುರುತೂ ಅಷ್ಟೇ, ಗೆರೆ ಗೆರೆ ಎಣಿಸಬಹುದು.